ಉರಿಯುವ ಮಣ್ಣಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಐರ್ಲೆಂಡಿನ ಚಿತ್ರಕಾರ ಪಾಲ್ ಹೆನ್ರಿ (1876–1958) ಅವರನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಬಾಗ್’ (ಉರಿಯುವ ಮಣ್ಣಿನ ಜೌಗು ನೆಲ) ಮತ್ತು ‘ಟರ್ಫ್’ (ಆ ನೆಲದಿಂದ ಉರುವಲಿಗೆಂದು ಕೊಯ್ದ ಮಣ್ಣು) ಎಂಬ ಮಾತುಗಳಿಗೆ ಒಪ್ಪುವ ಕನ್ನಡ ಪದಗಳು ಹೊಳೆಯದ ಕಾರಣ ಬಲ್ಲವರ ನೆರವನ್ನು ಕೋರುತ್ತಿದ್ದೇನೆ.

ಬೆಲ್‌ಫಾಸ್ಟಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತು, ಲಂಡನ್ನಿನಲ್ಲಿ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಹೆನ್ರಿ, 1910ರಲ್ಲಿ ಪತ್ನಿ ಗ್ರೇಸ್ ಅವರೊಡನೆ ಐರ್ಲೆಂಡಿನ ಪಶ್ಚಿಮದ ಮೇಯೊ ಕೌಂಟಿಯ ಅಕಿಲ್ ದ್ವೀಪಕ್ಕೆ ಸ್ವಲ್ಪ ಕಾಲ ಇದ್ದು ಬರಲೆಂದು ಹೋದರು. 1919ರವರೆಗೆ ಬಹುಮಟ್ಟಿಗೆ ಅದೇ ಅವರ ನೆಲೆಯಾಯಿತು. (ಗ್ರೇಸ್ ಕೂಡ ಚಿತ್ರಕಾರ್ತಿಯೆಂಬುದನ್ನು ನಮ್ಮ ಬರಹಗಳು ಮರೆಯಬಾರದು.) ಆರಂಭದ ಚಿತ್ರಗಳಲ್ಲಿ ಆಲೂಗಡ್ಡೆ ಅಗೆಯುವ ಹೆಂಗಸರೂ ದೋಣಿಯನ್ನು ಕಡಲಿಗಿಳಿಸುವ ಗಂಡಸರೂ ಇದ್ದಾರೆ. ಬರಬರುತ್ತ ಜನರು ಮರೆಯಾಗಿ, ನೀಲಿ ಬೆಟ್ಟ, ದಟ್ಟ ಮೋಡ, ಹುಲ್ಲು ಹೊದೆಸಿದ ಬಿಳಿಗೋಡೆಯ ಮನೆ, ನೀರಿನಂಚಿನಲ್ಲಿ ಕಂದುಬಣ್ಣದ ಟರ್ಫ್ ರಾಶಿಗಳು ಮಾತ್ರ ಉಳಿಯುತ್ತವೆ. ನನ್ನ ತೊಡಕು ಇರುವುದು ಈ ರಾಶಿಗಳಲ್ಲಿಯೇ.

ಸದಾ ನೀರು ನಿಂತ ನೆಲದಲ್ಲಿ ಸಸ್ಯಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಪದರವಾಗಿ ಕೂಡಿದ್ದೇ ಬಾಗ್‌ನ ಮಣ್ಣು. ಅದನ್ನು ಉದ್ದನೆಯ ಸಲಿಕೆಯಿಂದ ಇಟ್ಟಿಗೆಯಂತೆ ಕೊಯ್ದು, ಹರವಿ, ಗಾಳಿಯಾಡುವಂತೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಒಣಗಿಸಿ, ಒಟ್ಟಿ, ಚಳಿಗಾಲವಿಡೀ ಒಲೆಗೆ ಉರುವಲಾಗಿ ಬಳಸುತ್ತಾರೆ.

‘ಬಾಗ್’ ಎಂಬುದಕ್ಕೆ ‘ಜೌಗು’ ಎಂದರೆ ನೀರು ಒಸರುವ ಗುಣವಷ್ಟೇ ತೋರುತ್ತದೆ; ‘ಹುದುಲು’ ಎಂದರೆ ಕಾಲು ಹೂತುಹೋಗುವ ಭಯವೇ ಮುಂದಾಗುತ್ತದೆ. ಎರಡರಲ್ಲೂ ಊರಿನ ಒಲೆಯನ್ನು ಉರಿಸುವ ನೆಲವೆಂಬ ಅರ್ಥವಿಲ್ಲ. ‘ಟರ್ಫ್’ ಅನ್ನು ಹಾಗೆಯೇ ಉಳಿಸಿಕೊಂಡರೆ ನಮ್ಮ ಓದುಗರ ಕಣ್ಣಿಗೆ ಕಟ್ಟುವುದು ಕುದುರೆ ಪಂದ್ಯದ ಮೈದಾನ. ಆದ್ದರಿಂದ ನೆಲಕ್ಕೆ ‘ಉರುವಲು ಜೌಗು’, ಕೊಯ್ದ ತುಂಡಿಗೆ ‘ಉರುವಲು ಹೆಂಟೆ’ ಎಂದು ಬಳಸಿ ನೋಡಿದ್ದೇನೆ. ಆದರೆ ಹೆಂಟೆ ನೇಗಿಲಿನಿಂದ ತಾನಾಗಿ ಎದ್ದದ್ದು, ಇದು ಅಳತೆಗೆ ಕೊಯ್ದದ್ದು ಎಂಬ ವ್ಯತ್ಯಾಸ ನನ್ನನ್ನು ಕಾಡುತ್ತಿದೆ.

ರಾಶಿಗೆ ‘ಬಣವೆ’ ಎಂದು ಮೊದಲು ಬರೆದಿದ್ದೆ. ಬಣವೆ ಹುಲ್ಲಿನದು, ಸುಗ್ಗಿಯ ನೆನಪು ತರುವಂಥದು. ಸೌದೆ, ಬೆರಣಿಗಳಿಗೆ ಒಪ್ಪುವ ‘ಒಟ್ಟಿಲು’ ಇಲ್ಲಿ ಹೆಚ್ಚು ಸರಿಯೆಂದು ಈಗ ತೋರುತ್ತದೆ. ಇದು ಕೇವಲ ಪದದ ಹಟವಲ್ಲ. ಹೆನ್ರಿಯವರ ಚಿತ್ರಗಳಿಂದ ಮನುಷ್ಯರು ಮರೆಯಾದ ಮೇಲೂ ಅವರ ಬೆನ್ನು ಬಗ್ಗಿಸಿದ ದುಡಿಮೆ ಆ ರಾಶಿಗಳಲ್ಲಿ ನಿಂತಿದೆ ಎಂಬುದು ನನ್ನ ನಂಬಿಕೆ. ‘ಒಟ್ಟು’ ಎಂಬ ಕ್ರಿಯಾಪದದಿಂದ ಬಂದ ಒಟ್ಟಿಲಿನಲ್ಲಿ ಒಟ್ಟಿದ ಕೈಯೂ ಇದೆ.

ಹೆಂಟೆಗಿಂತ ತಕ್ಕ ಪದ, ಮಣ್ಣನ್ನು ಕೊಯ್ದು ತೆಗೆದ ತುಂಡಿಗೆ ಇಟ್ಟಿಗೆ ಕೆಲಸದವರಲ್ಲಾಗಲಿ ಕೆರೆಯ ಹೂಳೆತ್ತುವವರಲ್ಲಾಗಲಿ ಬಳಕೆಯಲ್ಲಿರುವುದನ್ನು ಬಲ್ಲವರು ದಯವಿಟ್ಟು ಯಾವ ಸೀಮೆಯ ಮಾತೆಂಬುದರ ಸಹಿತ ತಿಳಿಸಬೇಕಾಗಿ ವಿನಂತಿ.