ಫ್ಲೆಕ್ಸ್‌ನಲ್ಲಿ ಎಲ್ಲಾ ಇದೆ, ಆದರೆ ಏನೂ ಕಾಣುತ್ತಿಲ್ಲ. ಎಲ್ಲಿ ತಪ್ಪಾಯ್ತು?

ಪ್ರಶ್ನೆ: ಹೊಸ ಮೌಸ್

ನಮ್ಮ ಬಡಾವಣೆಯ ಹವ್ಯಾಸಿ ತಂಡದ ನಾಟಕಕ್ಕೆ ನಾನೇ ಫ್ಲೆಕ್ಸ್ ಮಾಡಿದೆ. 6 ಅಡಿ ಅಗಲ, 4 ಅಡಿ ಎತ್ತರ. ನಾಟಕದ ಹೆಸರು, ದಿನ, ಜಾಗ, ಉದ್ಘಾಟಕರು, 11 ಜನರ ಫೋಟೋ, ದುಡ್ಡು ಕೊಟ್ಟವರ ಹೆಸರು ಎಲ್ಲ ಹಾಕಿದೆ. ಐದು ತರದ ಫಾಂಟ್. ನೀಲಿ ಹಿನ್ನೆಲೆ, ಕೆಂಪು ಅಕ್ಷರ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಇತ್ತು. ಸರ್ಕಲ್‌ನಲ್ಲಿ ಕಟ್ಟಿದ ಮೇಲೆ ನೋಡಿದರೆ ಬರೀ ಗಿಜಿಗಿಜಿ. ನಮ್ಮತ್ತೆ ಬಸ್ಸಿನಿಂದ ನೋಡಿ, "ಯಾರು ಎಲೆಕ್ಷನ್‌ಗೆ ನಿಂತಿದ್ದಾರೆ?" ಅಂದರು!

"ಕಾಂಟ್ರಾಸ್ಟ್, ಹೈರಾರ್ಕಿ, ಸ್ಪೇಸಿಂಗ್ ಕಲಿ" ಅಂತ ಗೆಳೆಯ ಹೇಳಿ ಹೋದ. ಯಾರಾದರೂ ಬಿಡಿಸಿ ಹೇಳುತ್ತೀರಾ? ಮುಂದಿನ ತಿಂಗಳು ಇನ್ನೊಂದು ಪ್ರದರ್ಶನ ಇದೆ.

ಉತ್ತರ: ಎನಾಮಲ್ ಡಬ್ಬಿ

ನಿಮ್ಮತ್ತೆ ಹೇಳಿದ್ದು ಸರಿಯಾಗಿಯೇ ಇದೆ. ಒಂದೇ ಅಳತೆಯ 11 ಮುಖ ಸಾಲಾಗಿ ನಿಂತರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನಾನು ಶಿವಮೊಗ್ಗದಲ್ಲಿ 26 ವರ್ಷ ಅಂಗಡಿ ಬೋರ್ಡ್ ಬರೆದವನು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಒಣಗಿತು. ಈಗ ಮಗನ ಕಂಪ್ಯೂಟರ್ ಪಕ್ಕ ಕೂತು ತಪ್ಪು ಹುಡುಕುವುದೇ ಕೆಲಸ. ಹೈರಾರ್ಕಿ ಅನ್ನೋದನ್ನ ನಮ್ಮ ಉಸ್ತಾದರು ಹೀಗೆ ಹೇಳುತ್ತಿದ್ದರು: "ಒಂದನ್ನು ಕೂಗು, ಉಳಿದದ್ದನ್ನು ಮಾತಾಡು." ನಿಮ್ಮ ಫ್ಲೆಕ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾರೆ. ನಾಟಕದ ಹೆಸರು ಕೂಗಲಿ. ದಿನ, ಜಾಗ ಅದರ ಅರ್ಧದಷ್ಟಿರಲಿ. ಉಳಿದದ್ದು ಸಣ್ಣಗೆ ಕೆಳಗಿರಲಿ. ಇಂಗ್ಲಿಷಿನ ಹಾಗೆ ನಮಗೆ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಅಳತೆ, ದಪ್ಪ, ಬಣ್ಣ ಇವುಗಳಲ್ಲೇ ವ್ಯತ್ಯಾಸ ತೋರಿಸಬೇಕು.

ಬಣ್ಣದ ವಿಷಯಕ್ಕೆ ಬರೋಣ. ಕಟ್ಟಿದ ಫ್ಲೆಕ್ಸ್‌ನ ಫೋಟೋ ತೆಗೆದು ಮೊಬೈಲ್‌ನಲ್ಲಿ ಕಪ್ಪು ಬಿಳುಪು ಮಾಡಿ ನೋಡಿ. ಕೆಂಪೂ ನೀಲಿಯೂ ಹೆಚ್ಚುಕಡಿಮೆ ಒಂದೇ ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಕಾಂಟ್ರಾಸ್ಟ್ ಅಂದರೆ ಬೇರೆ ಬೇರೆ ಬಣ್ಣ ಇಡುವುದಷ್ಟೇ ಅಲ್ಲ, ಒಂದು ತಿಳಿ, ಇನ್ನೊಂದು ಗಾಢ ಇರಬೇಕು. ಕಡುನೀಲಿ ಮೇಲೆ ಹಳದಿ ಇಡಿ, ಬಸ್ಸಿನಿಂದಲೂ ಓದಬಹುದು.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಸ್ಪೇಸಿಂಗ್, ಅಂದರೆ ಸಾಲುಗಳ ನಡುವಿನ ಜಾಗದ ವಿಷಯಕ್ಕೆ. ನಾವು ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆಯುತ್ತಿದ್ದೆವು. ಅಕ್ಷರದ ತಲೆಗೆ ಒಂದು, ಕಾಲಿಗೆ ಒಂದು. ಅದರ ಕೆಳಗೆ ಒತ್ತಕ್ಷರಕ್ಕೆ ಅಂತಲೇ ಇನ್ನೊಂದು. "ಉದ್ಘಾಟನೆ" ಬರೆದರೆ ಘ ಒತ್ತು ಕೆಳಗೆ ಇಳಿಯುತ್ತದೆ. "ಸ್ತ್ರೀ", "ರಾಷ್ಟ್ರೀಯ" ಆದರೆ ಇನ್ನೂ ಆಳ. ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಎದ್ದಿರುತ್ತದೆ. ಜಾಗ ಬಿಡದಿದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟಿರುತ್ತೀರಿ, ನೋಡಿ ಬೇಕಾದರೆ.

10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು ಅಂತ ಬೋರ್ಡಿನವರ ಲೆಕ್ಕ. ರಸ್ತೆಯಾಚೆ 60 ಅಡಿಯಿಂದ ಕಾಣಬೇಕಾದರೆ 6 ಇಂಚು. ಕನ್ನಡಕ್ಕೆ ಒತ್ತಿನ ಜಾಗ ಸೇರಿಸಿ ನಾನು ಒಂದು ಸಾಲಿಗೆ 9 ಇಂಚು ಹಿಡಿಯುತ್ತೇನೆ. ನಿಮ್ಮ ಫ್ಲೆಕ್ಸ್ ಎತ್ತರ 48 ಇಂಚು. ಅಂಥ ಸಾಲು ಎಷ್ಟು ಹಿಡಿಸುತ್ತವೆ, ನೀವೇ ಲೆಕ್ಕ ಹಾಕಿ.

ಫಾಂಟ್ ಎರಡು ಸಾಕು. ನಾಟಕದ ಹೆಸರಿಗೆ "ಬಾಲೂ ತಮ್ಮ" ಅನ್ನೋ ಫಾಂಟ್, ಉಳಿದದ್ದಕ್ಕೆ ನೋಟೊ ಸಾನ್ಸ್ ಕನ್ನಡ. ಎರಡೂ ಪುಕ್ಕಟೆ ಸಿಗುತ್ತವೆ. ಅಕ್ಷರವನ್ನು ಸುಮ್ನೆ ಓರೆ ಮಾಡಬೇಡಿ, ಎಳೆದು ಅಗಲವೂ ಮಾಡಬೇಡಿ.

ಉತ್ತರ: ಡಿಟಿಪಿ ಅಕ್ಕ

ಮೇಲಿನವರು ಹೇಳಿದ್ದಕ್ಕೆ ಅಂಗಡಿಯ ಕಡೆಯಿಂದ ಎರಡು ಮಾತು. ಸ್ಕ್ರೀನ್ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಮೆಷಿನ್ ಶಾಯಿಯಿಂದ. ಅದಕ್ಕೇ ಮಿರಮಿರ ಹಸಿರು, ನೀಲಿ ಪ್ರಿಂಟ್‌ನಲ್ಲಿ ಮಂಕಾಗುತ್ತವೆ. ಫೈಲನ್ನು ಮೊದಲೇ ಸಿಎಂವೈಕೆಗೆ, ಅಂದರೆ ಪ್ರಿಂಟಿನ ನಾಲ್ಕು ಶಾಯಿಗಳ ಬಣ್ಣದ ಲೆಕ್ಕಕ್ಕೆ ಬದಲಿಸಿ ನೋಡಿಕೊಳ್ಳಿ. ಇನ್ನೊಂದು, ಹಳೇ ನುಡಿ ಫಾಂಟಿನಲ್ಲಿ ಬರೆದ ಫೈಲ್ ತರುತ್ತಾರೆ. ಆ ಫಾಂಟ್ ನಮ್ಮಲ್ಲಿ ಇಲ್ಲದಿದ್ದರೆ ಕನ್ನಡ ಹೋಗಿ ಏನೇನೋ ಗುರುತು ಬರುತ್ತವೆ. ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿ ಬದಲಿಸಿ, ಪಿಡಿಎಫ್ ಕಳಿಸಿ. ತಿದ್ದಲು ಮೂಲ ಫೈಲ್ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ ಕೇಳಿದವರು: ಹೊಸ ಮೌಸ್

ಕಪ್ಪು ಬಿಳುಪು ಮಾಡಿ ನೋಡಿದೆ. ನಾಟಕದ ಹೆಸರೇ ಮಾಯ! ಹೊಸದರಲ್ಲಿ ಹೆಸರಿಗೆ ಅರ್ಧ ಫ್ಲೆಕ್ಸ್ ಕೊಟ್ಟಿದ್ದೇನೆ. ಫೋಟೋ ಒಂದೇ, ಅದೂ ನಾಟಕದ್ದು. ಆದರೆ ತಂಡದ ಅಧ್ಯಕ್ಷರು, "ನನ್ನ ಫೋಟೋ ಎಲ್ಲಿ?" ಅಂತ ಕೇಳುತ್ತಿದ್ದಾರೆ. ಇದಕ್ಕೇನು ಮಾಡಲಿ ಸರ್?

ಉತ್ತರ: ಎನಾಮಲ್ ಡಬ್ಬಿ

ಕರಪತ್ರ ಹೊಡೆಸಿ. ಅದನ್ನು ಜನ ಕೈಯಲ್ಲಿ ಹಿಡಿದು ನಿಧಾನಕ್ಕೆ ಓದುತ್ತಾರೆ. ಎ4 ಹಾಳೆಯ ಹಿಂಬದಿಯಲ್ಲಿ 11 ಜನರನ್ನೂ ಕೂರಿಸಬಹುದು. ಅಧ್ಯಕ್ಷರದು ಒಂದು ಸುತ್ತು ದೊಡ್ಡದಿರಲಿ, ಅಷ್ಟೇ.