ಯಾಕೆ ಬರೀಬೇಕು ಅಂತ ಕೇಳಿದವರಿಗೆ ಏನು ಹೇಳಲಿ?

ಸಮಸ್ಯೆ: ನನಗೆ 36 ವರ್ಷ. ಲೇಖಕಿ ಆಗಬೇಕು ಅನ್ನೋದು ಬಹಳ ದಿನದ ಆಸೆ. ಯಾಕೆ ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವಳ ಮಾತು, ಅವಳ ಸಿಟ್ಟು ಎಲ್ಲ ಮರೆತುಹೋಗುವ ಮೊದಲು ಬರೆದಿಡಬೇಕು ಅನಿಸುತ್ತದೆ. ಜೊತೆಗೆ ನಾಲ್ಕು ಜನ ನನ್ನ ಹೆಸರು ಗುರುತಿಸಬೇಕು ಅನ್ನೋ ಆಸೆಯೂ ಇದೆ, ಸುಳ್ಳು ಹೇಳುವುದಿಲ್ಲ. ಇಷ್ಟು ಸ್ವಂತದ ಕಾರಣ ಇಟ್ಟುಕೊಂಡು ಬರೆಯಬಹುದಾ?

ಓದುಗರ ಸ್ಪಂದನ

ಸೋದರಿ, ನಿಮ್ಮ ಪತ್ರ ಓದಿ ನನ್ನ ಅಪ್ಪ ನೆನಪಾದರು. ಅವರು ಹೋದ ಮೇಲೆ ನಾನೂ ಬರೆಯಲು ಕೂತಿದ್ದೆ. ಮೊದಲ ಹತ್ತು ಪುಟ ಹರಿದು ಹಾಕಿದೆ. ಕಷ್ಟಜೀವಿ, ಮೃದು ಸ್ವಭಾವ ಅಂತೆಲ್ಲ ಬರೆದಿದ್ದೆ. ಯಾರ ಅಪ್ಪನ ಬಗ್ಗೆ ಬೇಕಾದರೂ ಹಾಗೆ ಬರೆಯಬಹುದು, ಅಲ್ವಾ? ಒಂದು ರಾತ್ರಿ ಸುಮ್ನೆ ಅವರ ಕನ್ನಡಕದ ಬಗ್ಗೆ ಬರೆದೆ. ಅದರ ಒಂದು ಕಡ್ಡಿ ಮುರಿದಿತ್ತು. ಬಿಳಿ ದಾರ ಸುತ್ತಿಕೊಂಡಿದ್ದರು. ಬೆವರಿಗೆ ಆ ದಾರ ಕಂದು ಬಣ್ಣಕ್ಕೆ ತಿರುಗಿತ್ತು. ಪೇಪರ್ ಓದಿದ ಮೇಲೆ ಮುರಿದ ಕಡ್ಡಿಯನ್ನು ಮೊದಲು ಮೆಲ್ಲಗೆ ಮಡಚುತ್ತಿದ್ದರು, ಆಮೇಲೆ ಇನ್ನೊಂದನ್ನು. ಇಷ್ಟೆಲ್ಲ ನೆನಪಿದೆ ಅಂತ ನನಗೇ ಗೊತ್ತಿರಲಿಲ್ಲ. ಹೊಸದು ಮಾಡಿಸಿಕೊಳ್ಳಿ ಅಂದರೆ 'ಇದೇ ಚೆನ್ನಾಗಿ ಕಾಣುತ್ತೆ ಬಿಡು' ಅನ್ನುತ್ತಿದ್ದರು. ಅದು ನಾನು ಕಾಲೇಜು ಸೇರಿದ ವರ್ಷ. ಆ ಕನ್ನಡಕಕ್ಕೂ ನನ್ನ ಫೀಸಿಗೂ ಇದ್ದ ಸಂಬಂಧ ಬರೆಯುತ್ತಾ ಹೋದಾಗಲೇ ಹೊಳೆಯಿತು. ಪೆನ್ನು ಕೆಳಗಿಟ್ಟು ತುಂಬಾ ಹೊತ್ತು ಅತ್ತೆ.

ನಿಮ್ಮ ಅಮ್ಮನ ಸಿಟ್ಟಿನಿಂದಲೇ ಶುರು ಮಾಡಿ. ಸಿಟ್ಟು ಬಂದಾಗ ಅವರ ಕೈ ಏನು ಮಾಡುತ್ತಿತ್ತು? ಅಷ್ಟು ಬರೆಯಿರಿ ಸಾಕು. ಸ್ವಂತದ ಕಾರಣ ಅಂತ ಹಿಂಜರಿಯಬೇಡಿ. ಆ ದಾರದ ಬಗ್ಗೆ ಓದಿದ ಒಬ್ಬರು ಫೋನ್ ಮಾಡಿ ಅವರ ಅಪ್ಪನ ಚಪ್ಪಲಿಯ ಕಥೆ ಹೇಳಿದರು.
– ಒಬ್ಬ ಮಗ

ನಾನು ಇತಿಹಾಸ ಪಾಠ ಮಾಡುವವಳು. ಈ ಪ್ರಶ್ನೆಗೆ ನನಗೆ ನೆನಪಾಗುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್. 1942ರಲ್ಲಿ, 13ನೇ ಹುಟ್ಟುಹಬ್ಬಕ್ಕೆ ಸಿಕ್ಕ ಡೈರಿಯಲ್ಲಿ ಆ ಹುಡುಗಿ ಬರೆಯಲು ಶುರು ಮಾಡಿದ್ದು ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಗೆಳತಿ ಬೇಕು ಅಂತ. ಅಷ್ಟು ಸ್ವಂತದ ಕಾರಣ! ಕೆಲವೇ ವಾರಗಳಲ್ಲಿ ನಾಜಿಗಳ ಕೈಗೆ ಸಿಗದಂತೆ ಮನೆಯವರ ಜೊತೆ ಅಡಗಿ ಕೂರಬೇಕಾಯಿತು. 1944ರ ಮಾರ್ಚ್‌ನಲ್ಲಿ ರೇಡಿಯೊದಲ್ಲಿ ಡಚ್ ಮಂತ್ರಿಯೊಬ್ಬರು, ಯುದ್ಧ ಮುಗಿದ ಮೇಲೆ ಜನರ ಡೈರಿ, ಪತ್ರಗಳನ್ನು ಕೂಡಿಸಿಡಬೇಕು ಅಂದರು. ಅದನ್ನು ಕೇಳಿದ ಮೇಲೆ ಆನ್ ತನ್ನ ಡೈರಿಯನ್ನು ಪುಸ್ತಕವಾಗುವ ಹಾಗೆ ತಿದ್ದಿ ಬರೆಯತೊಡಗಿದಳು. ಹೆಸರಾಂತ ಲೇಖಕಿ ಆಗಬೇಕು ಅಂತ ಆಕೆಯೂ ಬರೆದುಕೊಂಡಿದ್ದಾಳೆ. ಸ್ವಂತದ ಕಾರಣ, ಹೆಸರಿನ ಆಸೆ, ನೀವು ನಾಚಿಕೊಳ್ಳುವ ಎರಡೂ ಆ ಹುಡುಗಿಗೆ ಇದ್ದವು. ನೀವು ಬರೆಯುತ್ತಾ ಹೋದ ಹಾಗೆ ನಿಮ್ಮ ಕಾರಣವೂ ಬದಲಾಗಬಹುದು. ಈಗಲೇ ಪಕ್ಕಾ ಉತ್ತರ ಹುಡುಕುತ್ತಾ ಕೂರಬೇಡಿ.
– ಒಬ್ಬ ಶಿಕ್ಷಕಿ

ಹೆಸರಿನ ಆಸೆ ತಪ್ಪಲ್ಲ. ಆದರೆ ಅದನ್ನೇ ನೆಚ್ಚಿಕೊಂಡರೆ ಕಷ್ಟ. ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಸುಮಾರು 1800 ಕವಿತೆ ಬರೆದರು. ಬದುಕಿದ್ದಾಗ ಅಚ್ಚಾಗಿದ್ದು ಹತ್ತರ ಆಸುಪಾಸು, ಅವೂ ಹೆಸರಿಲ್ಲದೆ. ನನ್ನ ಕಥೆಗಳು ಆರು ಸಲ ವಾಪಸ್ ಬಂದಿವೆ. ಹೆಸರು ಒಂದೇ ಬೇಕಿದ್ದರೆ ಎರಡನೇ ಸಲಕ್ಕೇ ಬಿಟ್ಟುಬಿಡುತ್ತಿದ್ದೆ.
– ಇನ್ನೂ ಬರೆಯುತ್ತಿರುವವನು

ಆಪ್ತಸಲಹೆ ನನ್ನ ಕೆಲಸ. ಒಂದು ವಿಷಯ ಮೊದಲೇ ಹೇಳಿಬಿಡಬೇಕು ಅನಿಸಿತು. ಅಮ್ಮನ ಬಗ್ಗೆ ಬರೆದ ದಿನ ಮನಸ್ಸು ಹಗುರಾಗುತ್ತದೆ ಅಂತ ಕಾಯಬೇಡಿ. ಅವತ್ತು ನೋವು ಜಾಸ್ತಿಯೇ ಆಗಬಹುದು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಕುಳಿತು ಬರೆದರು. ನಡೆದ ಕಹಿ ಘಟನೆಯನ್ನೂ ಆಗ ಅನಿಸಿದ್ದನ್ನೂ ಸೇರಿಸಿ ಬರೆದವರಿಗೆ, ಬರೆದ ಕೂಡಲೇ ಬೇಸರ ಹೆಚ್ಚಾಗಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಉಳಿದವರಿಗಿಂತ ಕಡಿಮೆ. ಹಾಗಂತ ಇದನ್ನು ಔಷಧಿ ಅಂದುಕೊಳ್ಳಬೇಡಿ. ತಡೆಯಲಾಗದಷ್ಟು ದುಃಖ ಬಂದರೆ ನಿಲ್ಲಿಸಿ, ಯಾರ ಹತ್ತಿರವಾದರೂ ಮಾತಾಡಿ. ಪುಟ ಎಲ್ಲಿಗೂ ಓಡಿಹೋಗುವುದಿಲ್ಲ.
– ಆಪ್ತಸಲಹೆಗಾರ್ತಿ

ನಿಮ್ಮ ಕಾರಣ ಸರಿಯಾಗಿಯೇ ಇದೆ. ನನಗೆ ಬೇರೆ ಚಿಂತೆ. ನಾನು ಅಕ್ಕನ ಮದುವೆ ಮುರಿದ ಕಥೆಯನ್ನು ಹೆಸರು ಬದಲಿಸಿ ಬರೆದೆ. ಅವಳನ್ನು ಕೇಳಲಿಲ್ಲ. ಓದಿದವರೆಲ್ಲ ಹೊಗಳಿದರು, ಅವಳು ಎರಡು ವರ್ಷ ಮಾತು ಬಿಟ್ಟಳು. ತಪ್ಪು ನನ್ನದೇ. ನಿಮಗೆ ಒಡಹುಟ್ಟಿದವರಿದ್ದರೆ ಅಚ್ಚಿಗೆ ಕೊಡುವ ಮೊದಲು ಅವರ ಎದುರು ಕೂತು ಓದಿ. ನಿಮಗೆ ಗೊತ್ತಿಲ್ಲದ ಅಮ್ಮ ಸ್ವಲ್ಪ ಅವರ ಹತ್ತಿರವೂ ಇರುತ್ತಾಳೆ.
– ಒಬ್ಬ ತಂಗಿ