ಶಕ್ತಿ ಉಳಿಸುವ ವಸ್ತುಗಳ ಸಂಶೋಧನೆಗೆ ಹೋಗಬೇಕೆ? ಅನುಭವಸ್ಥರ ಉತ್ತರಗಳು

ಪಾವಗಡದ ವಿದ್ಯಾರ್ಥಿನಿಯ ಕೋರಿಕೆ:
ತುಮಕೂರಿನಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ಶಕ್ತಿಯನ್ನು ಮಿತವಾಗಿ ಬಳಸುವ ವಸ್ತುಗಳು ಮತ್ತು ನ್ಯಾನೋ ತಂತ್ರಜ್ಞಾನದಲ್ಲಿ ಸಂಶೋಧನೆ ಮಾಡುವ ಆಸೆಯಿದೆ, ಮನೆಯಲ್ಲಿ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರು ಎನ್ನುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಶಿರಾ ಕಡೆಯ ಸಂಶೋಧಕರು:
ತಂಗಿ, ‘ನ್ಯಾನೋ’ ಎಂಬ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಯಾವ ನಷ್ಟವನ್ನು ತಡೆಯಬೇಕೆಂಬ ಹಂಬಲ ನಿಮಗಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅಂಥ ಪ್ರಶ್ನೆ ನಿಮ್ಮ ತಿರುಮಣಿಯ ಸೌರ ಉದ್ಯಾನದಲ್ಲೇ ಇದೆ: ಸಿಲಿಕಾನ್ ಫಲಕ ಒಂದೊಂದು ಡಿಗ್ರಿ ಬಿಸಿಯೇರಿದಂತೆ ಅದರ ಉತ್ಪಾದನೆ ಸುಮಾರು ಶೇ. 0.4ರಷ್ಟು ಇಳಿಯುವುದರಿಂದ, 60 ಡಿಗ್ರಿ ಮುಟ್ಟಿದ ಫಲಕವು 25 ಡಿಗ್ರಿಯಲ್ಲಿ ಕೊಡಬಹುದಾದ ವಿದ್ಯುತ್ತಿನಲ್ಲಿ ಏಳನೇ ಒಂದು ಪಾಲನ್ನು ಕಳೆದುಕೊಳ್ಳುತ್ತದೆ.

ನಾನು ಆರಿಸಿಕೊಂಡದ್ದು ಕಿಟಕಿಯ ಗಾಜು. ವನೇಡಿಯಂ ಡೈಆಕ್ಸೈಡ್‌ನ ತೆಳುಪದರವು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೋಹದಂತೆ ವರ್ತಿಸತೊಡಗಿ, ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟುಕೊಡುತ್ತಲೇ ಬಿಸಿಲಿನ ಶಾಖವನ್ನು ಒಳತರುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ತಡೆಯುತ್ತದೆ. ಟಂಗ್‌ಸ್ಟನ್ ಬೆರೆಸಿದರೆ ಈ ಬದಲಾವಣೆಯನ್ನು ಕೋಣೆಯ ಉಷ್ಣತೆಯ ಸಮೀಪಕ್ಕೆ ತರಬಹುದು. ಆದರೆ ಕುಲುಮೆಯಲ್ಲಿ ಆಮ್ಲಜನಕ ತುಸು ಹೆಚ್ಚಾದರೂ ಗಾಜಿನ ಮೇಲೆ ವನೇಡಿಯಂನ ಬೇರೊಂದು ಆಕ್ಸೈಡ್ ಆದ ಹಳದಿ ಪೆಂಟಾಕ್ಸೈಡ್ ಕೂರುತ್ತದೆ, ಕಡಿಮೆಯಾದರೆ ಇನ್ನೊಂದೇ ಆಕ್ಸೈಡ್ ಬರುತ್ತದೆ. ಒಳ್ಳೆಯ ಪದರ ಕೈಗೆ ಬಂದ ದಿನ, ಅದನ್ನು ಬಿಸಿಮಾಡುತ್ತ ಹೋದಾಗ ಮೀಟರಿನಲ್ಲಿ ವಿದ್ಯುತ್ ರೋಧವು ಕೆಲವೇ ಡಿಗ್ರಿಗಳ ಅಂತರದಲ್ಲಿ ಸಾವಿರ ಪಟ್ಟು ಕುಸಿಯುವುದನ್ನು ನೋಡುವ ಸಂತೋಷಕ್ಕೆ ಸಾಟಿಯಿಲ್ಲ. ನಮ್ಮ ವರ್ಷಗಳು ಸಲ್ಲುವುದು ಇಂಥ ಒಂದು ಪದರಕ್ಕೆ. ಆದ್ದರಿಂದ ಈಗಿನ ಪ್ರಾಜೆಕ್ಟಿನಲ್ಲೇ ನಿರ್ವಾತ ಪಂಪು, ಎಕ್ಸ್-ರೇ ವಿವರ್ತನೆ (ಹರಳಿನ ರಚನೆಯನ್ನು ಗುರುತಿಸುವ ವಿಧಾನ), ವಿದ್ಯುತ್ ರೋಧದ ಅಳತೆ ಇವುಗಳಲ್ಲಿ ಕೈ ಪಳಗಿಸಿಕೊಳ್ಳಿ.

ಚಿಕ್ಕಬಳ್ಳಾಪುರದ ಪದವಿ ಕಾಲೇಜಿನ ಅಧ್ಯಾಪಕಿ:
ಮನೆಯವರ ಆತಂಕವನ್ನು ಹಗುರವಾಗಿ ಕಾಣಬೇಡಿ, ಅವರಿಗೆ ಲೆಕ್ಕವನ್ನು ತೋರಿಸಿ. ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ, 2023ರ ಪರಿಷ್ಕರಣೆಯಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಶಿಷ್ಯವೇತನವಿದೆ. ಅದೇ ಪರೀಕ್ಷೆಯಿಂದ ಕಾಲೇಜು ಅಧ್ಯಾಪನದ ಅರ್ಹತೆಯೂ ಸಿಗುವುದರಿಂದ ಬೋಧನೆಯ ಬಾಗಿಲು ಮುಚ್ಚುವುದಿಲ್ಲ. ಸಂಶೋಧನೆಯ ಪ್ರವೇಶಕ್ಕೆ ನೆರವಾಗುವ ಗೇಟ್ ಮತ್ತು ಜೆಸ್ಟ್ ಪರೀಕ್ಷೆಗಳನ್ನೂ ಬರೆಯಿರಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರ, ದಾಸನಪುರ ಹೋಬಳಿಯ ಶಿವನಪುರದಲ್ಲಿರುವ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಈ ಮೂರೂ ನಿಮಗೆ ದೂರವೇನಲ್ಲ.

ಕೋಲಾರದಿಂದ, ಲೇಪನ ತಯಾರಿಕೆಯಲ್ಲಿರುವವರು:
ಪಿಎಚ್.ಡಿ. ಮುಗಿದ ಮೇಲೆ ಕೆಲವು ವರ್ಷಗಳು ತಾತ್ಕಾಲಿಕ ಹುದ್ದೆಗಳಲ್ಲೇ ಕಳೆಯಬಹುದು ಎಂಬುದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ. ಮಾರ್ಗದರ್ಶಕರನ್ನು ಆರಿಸುವ ಮುನ್ನ ಅವರ ಪ್ರಬಂಧಗಳ ಸಂಖ್ಯೆಯನ್ನಷ್ಟೇ ನೋಡದೆ, ಅವರಲ್ಲಿ ಈಗ ಓದುತ್ತಿರುವವರನ್ನು ಭೇಟಿಮಾಡಿ, ಪ್ರಯೋಗಾಲಯದ ಉಪಕರಣಗಳು ನಡೆಯುತ್ತಿವೆಯೇ, ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿಕೊಳ್ಳಿ.